ಒಂದೇ ಸಲ ಕೇಳುವ ಊರು

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡು

ನಾನು ಸ್ಪೇನಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಕೃಷ್ಣರಾಜಪೇಟೆಯಲ್ಲಿ ಎಲ್ಲರೂ ಕೇಳುವುದು ಗೂಳಿ ಕಾಳಗದ ಸಮಾಚಾರ. ಅಲ್ಲಿ ನಾನು ಒಂದು ಗೂಳಿಯನ್ನೂ ಕಾಣಲಿಲ್ಲ. ಕಂಡದ್ದು ಕಬ್ಬು, ಸಮುದ್ರ, ಮತ್ತು ವಸ್ತುವಿನ ಹೆಸರನ್ನು ಮೊದಲು ಹೇಳಿ ಅದರ ಬಣ್ಣವನ್ನು ಆಮೇಲೆ ಹೇಳುವ ಜನ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಗೂಳಿ ಬೇಕಾದವರು ಈ ಬರಹವನ್ನು ಇಲ್ಲಿಗೇ ಬಿಟ್ಟುಬಿಡಬಹುದು, ನನಗೇನೂ ಬೇಜಾರಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಹಳ್ಳಿಗಾಡಿನ ಮೇಷ್ಟರನ್ನೂ ರೈತರನ್ನೂ ಬೇರೆ ದೇಶಕ್ಕೆ ಕಳಿಸಿ, ಅಲ್ಲಿಯವರ ಮನೆಗಳಲ್ಲೇ ಕೆಲವು ವಾರ ಇರಿಸುವ ಒಂದು ಸಂಸ್ಥೆಯವರು ನಮ್ಮ ಜಿಲ್ಲೆಯಿಂದ ಕೆಲವರನ್ನು ಆರಿಸಿದಾಗ ನನ್ನ ಹೆಸರೂ ಬಂತು. ನಾನು ಹಿಗ್ಗಿದೆ, ಆಮೇಲೆ ಹೆದರಿದೆ. ಮನೆಯಲ್ಲಿ ಇನ್ನೂ ಸ್ಕೂಲಿಗೆ ಸೇರದ ಮಗಳು ಪುಟ್ಟಿ ಇದ್ದಳು. ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗಿದವಳಲ್ಲ. ನಮ್ಮತ್ತೆ, ತಾನು ಮಕ್ಕಳನ್ನು ಸಾಕಿಲ್ಲವೇ, ಸುಮ್ಮನೆ ಹೋಗಿ ಬಾ ಎಂದು ಗದರಿಸಿ ಹೊರಡಿಸಿದರು.

ಪಾಂಡವಪುರದ ತವರಿಗೆ ಹೋಗಿ ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದೆ. ಬೆಂಗಳೂರಿನ ಬಸ್ಸು ಹತ್ತಿಸಲು ನಮ್ಮವರು ಪುಟ್ಟಿಯನ್ನು ಎತ್ತಿಕೊಂಡು ಬಂದಿದ್ದರು. ಅಳಬಾರದೆಂದು ಅವಳಿಗೆ ಹುರಿದ ಕಡ್ಲೆಕಾಯಿಯ ಪೊಟ್ಟಣ ಕೊಡಿಸಿ ಕಲ್ಲುಬೆಂಚಿನ ಮೇಲೆ ಕೂರಿಸಿದೆವು. ಬಸ್ಸು ಬಂತು. ಅವಳು ಸಿಪ್ಪೆ ಬಿಡಿಸುವುದರಲ್ಲಿ ಮುಳುಗಿದ್ದಳು.

"ತಿಂತಿರು ಕಂದ, ಕಡ್ಲೆಕಾಯಿ ಮುಗಿಯೋದ್ರೊಳಗೆ ಬಂದ್ಬುಡ್ತೀನಿ," ಅಂದೆ.

ಅವಳು ತಲೆ ಎತ್ತದೆ ಹೂಂ ಅಂದಳು. ಬಸ್ಸು ಸೇತುವೆ ದಾಟುವ ತನಕ ನಾನು ಹಿಂದಕ್ಕೇ ತಿರುಗಿ ನೋಡುತ್ತಿದ್ದೆ. ಅವಳು ಅತ್ತು ಕಳಿಸಿದ್ದರೆ ಒಂದು ಥರ ಸಮಾಧಾನ ಇರುತ್ತಿತ್ತು. ನಾನು ಹೋದದ್ದನ್ನೇ ಅವಳು ನೋಡಲಿಲ್ಲ.

ಬೆಟ್ಟದ ಮೇಲಿನ ಊರು

ಸಲೊಬ್ರೇನ್ಯಾ ಎಂಬ ಆ ಊರು ಸ್ಪೇನಿನ ದಕ್ಷಿಣದ ಕರಾವಳಿಯಲ್ಲಿದೆ. ದೂರದಿಂದ ನೋಡಿದರೆ ನಮ್ಮ ಮೇಲುಕೋಟೆಯನ್ನು ಸುಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದ ಹಾಗೆ. ಗುಡ್ಡದ ನೆತ್ತಿಯಲ್ಲಿ ಕೋಟೆ, ಇಳಿಜಾರಿನ ತುಂಬ ಬಿಳೀ ಮನೆಗಳು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಹಳ ದೂರದಲ್ಲಿ ಹಿಮ ಹೊದ್ದ ಬೆಟ್ಟಸಾಲು. ಇವೆಲ್ಲ ವಿದೇಶ ಎಂದರೆ ಇರಬೇಕಾದವೇ. ಆದರೆ ಬಸ್ಸು ಗುಡ್ಡದ ಬುಡಕ್ಕೆ ಬಂದಾಗ ಕಿಟಕಿಯ ಎರಡೂ ಕಡೆ ಕಬ್ಬು ಎದ್ದು ನಿಂತಿತು. ಸೋಗೆ ಒಣಗಿ, ಕಟಾವಿಗೆ ಬಂದ ಕಬ್ಬು.

ಮುಂದಿನ ಸೀಟಿನಲ್ಲಿದ್ದ ಚಲುವೇಗೌಡರನ್ನು ಕೂಗಿ ತೋರಿಸಿದೆ. ಅವರು ನಾಗಮಂಗಲದ ಕಡೆ ದೇವಲಾಪುರದವರು. ರಾಗಿ, ಹುರುಳಿ ಬೆಳೆಯುವವರು, ಊರಿನ ಹಾಲಿನ ಸೊಸೈಟಿಗೆ ಅಧ್ಯಕ್ಷರು. ನಮ್ಮ ತಂಡದಲ್ಲಿ ಹಿರಿಯರು.

"ಈಟು ದೂರ ಬಂದದ್ದು ಕಬ್ಬು ನೋಡಾಕಾ ಮೇಡಮ್ಮೋರೆ? ನಿಮ್ ತವರಿಗ್ ಓಗಿದ್ರೆ ಸಾಕಾಗಿತ್ತಲ್ಲ," ಅಂದರು.

ನಾನು ನಗಲು ಹೋಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಹೊರಟು ಇನ್ನೂ ವಾರ ಆಗಿರಲಿಲ್ಲ. ಅಷ್ಟು ದೂರ ಬಂದರೂ ಪಾಂಡವಪುರ ನನಗಿಂತ ಮೊದಲೇ ಬಂದು ಕೂತಿತ್ತು.

ನನಗೆ ಸಿಕ್ಕಿದ ಮನೆ ಎನ್‌ಕಾರ್ನಾ ಮತ್ತು ಪಾಕೊ ಎಂಬ ದಂಪತಿಯದು. ಎನ್‌ಕಾರ್ನಾ ಊರ ಶಾಲೆಯ ಮೇಡಂ, ಪಾಕೊ ಕಬ್ಬಿನ ಬೇಸಾಯದವರು. ಮಕ್ಕಳಿಲ್ಲ. ಎನ್‌ಕಾರ್ನಾ ಅವರ ಇಂಗ್ಲಿಷು ನನ್ನ ಸ್ಪ್ಯಾನಿಷಿಗಿಂತ ಒಂದು ಬೆರಳು ಮುಂದು, ಅಷ್ಟೆ. ನನ್ನ ಹೆಸರು ಜಯಮ್ಮ. ಅವರ ಬಾಯಲ್ಲಿ ಅದು ಹಯಮ್ಮ ಆಯಿತು. ಬರವಣಿಗೆಯಲ್ಲಿ ಮೊದಲು ಹ ಇದ್ದರೆ ಮಾತಾಡುವಾಗ ಅದನ್ನು ನುಂಗಿಬಿಡುತ್ತಾರೆ, ನಮಸ್ಕಾರಕ್ಕೆ ಹೋಲಾ ಎಂದು ಬರೆದು ಓಲಾ ಎನ್ನುತ್ತಾರೆ. ಓಗ್ಬುಟ್ಟು ಬತ್ತೀನಿ ಎನ್ನುವ ನಮ್ಮ ಕಡೆಯವರಿಗೆ ಇದರಲ್ಲಿ ಹೊಸದೇನಿದೆ ಅನಿಸಿತು.

ಊಟದ ಮೇಜು

ಮೊದಲ ದಿನವೇ ಎಡವಟ್ಟಾಯಿತು. ಮೊಟ್ಟೆ, ಆಲೂಗಡ್ಡೆ ಹಾಕಿ ಮಾಡಿದ ದಪ್ಪನೆಯ ದೋಸೆಯಂಥದ್ದೊಂದು ತಿಂಡಿ. ರುಚಿಯಾಗಿತ್ತು, ನನಗೆ ಹಸಿವೂ ಇತ್ತು. ಇನ್ನೊಂದು ತುಂಡು ಹಾಕಲೇ ಎಂದು ಎನ್‌ಕಾರ್ನಾ ಕೇಳಿದರು. ನಾನು ಅಭ್ಯಾಸದಂತೆ ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು ಬೇಡ ಬೇಡ ಅಂದೆ.

ನಮ್ಮ ಕಡೆ ಮೊದಲ ಸಲದ ಬೇಡ ಎಂದರೆ ಬೇಡ ಅಲ್ಲ, ಅದು ಪೀಠಿಕೆ. ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಬಲವಂತ ಮಾಡಬೇಕು, ಎರಡನೇ ಸಲವೂ ಬೇಡ ಎನ್ನಬೇಕು, ಮೂರನೇ ಸಲಕ್ಕೆ ಅವರು ಬೆರಳ ಸಂದಿಯಲ್ಲೇ ಸುರಿದುಬಿಡಬೇಕು. ಆಗ ಇಬ್ಬರಿಗೂ ಮರ್ಯಾದೆ. ಒಂದೇ ಮಾತಿಗೆ ಹಾಕಿ ಎಂದವರನ್ನು ನಮ್ಮತ್ತೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಎನ್‌ಕಾರ್ನಾ ನನ್ನ ಕೈಗಳನ್ನು ನೋಡಿದರು. "ಬಾಲೆ," ಅಂದರು. ಆಗಲಿ ಎಂದು ಅದರ ಅರ್ಥ. ತಟ್ಟೆ ತೆಗೆದುಕೊಂಡು ಹೋದರು.

ಅರೆಹೊಟ್ಟೆಯಲ್ಲಿ ಕೂತಿದ್ದಾಗಲೇ ಅವರು ಮತ್ತೊಂದು ಮಾತು ಕೇಳಿದರು. ನಡುಮನೆಯಲ್ಲಿ ಕಸೂತಿಯ ಬಟ್ಟೆ ಹೊದಿಸಿದ ಫೋನು ಇತ್ತು. ಅದನ್ನು ತೋರಿಸಿ, ನಿನ್ನ ಮನೆಗೆ ಮಾಡು, ಮಗಳ ಜೊತೆ ಮಾತಾಡು ಅಂದರು. ನನ್ನ ಮನಸ್ಸು ಆಗಲೇ ಫೋನಿನ ಹತ್ತಿರ ಹೋಗಿತ್ತು. ಬಾಯಿ ಮಾತ್ರ, ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಅಂದಿತು. ಅಂದು ಕಾದೆ. ಎರಡನೇ ಸಲ ಕೇಳುತ್ತಾರೆ ಎಂದು ಕಾದೆ. ಅವರು ಬಾಲೆ ಅಂದು ಪಾತ್ರೆ ತೊಳೆಯಲು ಹೋದರು. ಆ ದಿನ ಕೇಳಲಿಲ್ಲ, ಮಾರನೇ ದಿನ ಕೇಳಲಿಲ್ಲ, ಆ ವಾರ ಪೂರ್ತಿ ಕೇಳಲಿಲ್ಲ.

ನಾನೇ ಹೋಗಿ ಚರ್ಚಿನ ಪಕ್ಕದ ನಾಣ್ಯದ ಫೋನಿನಿಂದ ಒಮ್ಮೆ ಪ್ರಯತ್ನಿಸಿದೆ. ನಮ್ಮ ಮನೆಗೆ ಫೋನಿರಲಿಲ್ಲ. ಪೇಟೆಯ ಬಸ್ ಸ್ಟ್ಯಾಂಡಿನೆದುರು ಶಿವಣ್ಣನ ಎಸ್‌ಟಿಡಿ ಬೂತು, ಅದರ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಶಿವಣ್ಣ ಫೋನೆತ್ತಿ ಯಾರು, ಯಾರು ಎಂದು ಕೂಗುತ್ತಲೇ ಇದ್ದ. ನನ್ನ ಹೆಸರು ಅವನಿಗೆ ಮುಟ್ಟುವಷ್ಟರಲ್ಲಿ ನಾಣ್ಯವೆಲ್ಲ ಮುಗಿದು ಗುಯ್ ಎಂದಿತು. ಅವನ ಹಿಂದೆ ಯಾವುದೋ ಬಸ್ಸಿನ ಹಾರನ್ನು ಮಾತ್ರ ಚೆನ್ನಾಗಿ ಕೇಳಿಸಿತು. ಆ ಹಾರನ್ನನ್ನೇ ನೆನೆಸಿಕೊಂಡು ಗುಡ್ಡ ಹತ್ತಿ ಬಂದೆ.

ಮಾಳಿಗೆಯ ಮೇಲಿನ ಪಾಠ

ಸಂಜೆ ಹೊತ್ತು ಎನ್‌ಕಾರ್ನಾ ಮಾಳಿಗೆಯ ಮೇಲೆ ಕೂತು ಉಲ್ಲನ್ ಹೆಣೆಯುತ್ತ ನನಗೆ ಮಾತು ಕಲಿಸುತ್ತಿದ್ದರು. ಎದುರಿನ ಮನೆ ತೋರಿಸಿದರು. ಕಾಸಾ ಎಂದರೆ ಮನೆ, ಬ್ಲಾಂಕಾ ಎಂದರೆ ಬಿಳಿ. ನಾನು ಕನ್ನಡದ ಲೆಕ್ಕದಲ್ಲಿ ಬ್ಲಾಂಕಾ ಕಾಸಾ ಅಂದೆ. ಅವರು ನಕ್ಕು, ಕಾಸಾ ಬ್ಲಾಂಕಾ, ಮನೆ ಬಿಳಿ ಎಂದು ತಿದ್ದಿದರು. ಬಿಳಿ ಎಂದು ಶುರು ಮಾಡಿದರೆ ಕೇಳುವವನು ಏನು ಬಿಳಿ, ಹಾಲೋ ಹಲ್ಲೋ ಎಂದು ಬಾಯಿ ಬಿಟ್ಟುಕೊಂಡು ಕೂರಬೇಕಲ್ಲ, ಮೊದಲು ವಸ್ತುವನ್ನು ಅವನ ಕೈಗೆ ಕೊಡು, ಬಣ್ಣ ಆಮೇಲೆ ಬಳಿ ಅಂದರು.

ನಾನು ಮಕ್ಕಳಿಗೆ ಗುಣವಾಚಕ ಪಾಠ ಮಾಡುವವಳು. ನಾಮಪದದ ಮುಂದೆ ಬರುವುದೇ ಅದರ ಜಾಗ ಎಂದು ಬೋರ್ಡಿನ ಮೇಲೆ ಬರೆಯುವಾಗ, ಯಾಕೆ ಎಂದು ಒಂದು ದಿನವೂ ಅನಿಸಿರಲಿಲ್ಲ. ನಾವು ಎಲ್ಲವನ್ನೂ ಮೊದಲೇ ಪೇರಿಸುತ್ತೇವೆ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡ, ಮುಂದಿನ ಹಲ್ಲು ಅರ್ಧ ಮುರಿದ, ಲಂಗದ ತುಂಬ ಕಡ್ಲೆಕಾಯಿ ಸಿಪ್ಪೆ ಚೆಲ್ಲಿಕೊಂಡ ನನ್ನ ಮಗಳು. ಮಗಳು ಬರುವುದು ಕೊನೆಗೆ. ಅಲ್ಲಿಯ ತನಕ ಕಾಯಬೇಕು. ಅವರ ಭಾಷೆಯಲ್ಲಿ ಮಗಳು ಮೊದಲೇ ಬಂದು ಮಡಿಲಲ್ಲಿ ಕೂರುತ್ತಾಳೆ, ಜಡೆಯೂ ಹಲ್ಲೂ ಸಾವಕಾಶವಾಗಿ ಹಿಂದಿನಿಂದ ಬರುತ್ತವೆ. ಆ ಸಂಜೆ ನನಗೆ ಅವರ ವ್ಯಾಕರಣದ ಮೇಲೆ ಹೊಟ್ಟೆಕಿಚ್ಚು ಬಂತು.

ಹಾಗಂತ ಮುಂದೆ ಇಡುವುದೇ ಇಲ್ಲ ಎಂದಲ್ಲ. ದೂರದ ಹಿಮ ತೋರಿಸಿ, ಬ್ಲಾಂಕಾ ನಿಯೇವೆ, ಬಿಳೀ ಹಿಮ ಎನ್ನಬಹುದು ಅಂದರು. ಹಿಮ ಬಿಳಿ ಎಂದು ಎಲ್ಲರಿಗೂ ಗೊತ್ತು, ಅಲ್ಲಿ ಆ ಮಾತು ಯಾವ ಹಿಮ ಎಂದು ಗುರುತು ಹೇಳಲು ಬಂದದ್ದಲ್ಲ, ಬರೀ ಪ್ರೀತಿಗೆ ಬಂದದ್ದು. ಎದುರು ಮನೆಯ ವಿಧವೆಯನ್ನು ಅವರು ಪೋಬ್ರೆ ಮುಹೇರ್ ಎನ್ನುತ್ತಿದ್ದರು. ಮುಹೇರ್ ಎಂದರೆ ಹೆಂಗಸು, ಪೋಬ್ರೆ ಎಂದರೆ ಬಡವಿ ಎಂದು ತಿಳಿದು ನಾನು ಮರುಗಿದ್ದೇ ಮರುಗಿದ್ದು. ನೋಡಿದರೆ ಗುಡ್ಡದ ಬುಡದ ಅರ್ಧ ಕಬ್ಬು ಆಯಮ್ಮನದೇ. ಆ ಮಾತು ಹಿಂದೆ ಬಂದರೆ ದುಡ್ಡಿಲ್ಲದವಳು, ಮುಂದೆ ಬಂದರೆ ಪಾಪದವಳು.

ಚಲುವೇಗೌಡರು ಈ ಗೊಡವೆಗೇ ಹೋಗಲಿಲ್ಲ. ಹೋಟೆಲಿನಲ್ಲಿ ಲೇಚೆ ಎಂದು ಹಾಲು ಕರೆಯುವ ಹಾಗೆ ಕೈ ಆಡಿಸಿ, ತಣ್ಣಗಿರಲಿ ಎನ್ನುವುದಕ್ಕೆ ಮೈ ನಡುಗಿಸಿ ತೋರಿಸುತ್ತಿದ್ದರು. ಅವರಿಗೆ ಪ್ರತಿಸಲವೂ ತಣ್ಣನೆಯ ಹಾಲೇ ಸಿಕ್ಕಿತು.

ಎರಡು ಸ್ವೆಟರು

ಒಂದು ಭಾನುವಾರ ಎನ್‌ಕಾರ್ನಾ ಹೆಣಿಗೆ ಮುಗಿಸಿ ಎರಡು ಸ್ವೆಟರು ತಂದು ಮೇಜಿನ ಮೇಲೆ ಹರಡಿದರು. ಎರಡೂ ಹಳದಿ. ಒಂದು ಪುಟ್ಟಿಯ ಅಳತೆಯದು, ಇನ್ನೊಂದು ಪ್ರೈಮರಿ ಸ್ಕೂಲು ಮುಗಿಸುವ ಹುಡುಗಿಗೆ ಆಗುವಂಥದ್ದು. ಚಿಕ್ಕವಳಿಗೆ ಒಂದು, ದೊಡ್ಡವಳಿಗೆ ಒಂದು ಅಂದರು. ಯಾವ ದೊಡ್ಡವಳು ಎಂದೆ. ನಿನ್ನ ದೊಡ್ಡ ಮಗಳು ಅಂದರು.

ಆಮೇಲೆ ಗೊತ್ತಾಯಿತು. ನಾನು ಬಂದಾಗಿನಿಂದ ಎಲ್ಲರ ಹತ್ತಿರವೂ ಹೊಸದಾಗಿ ಕಲಿತ ಹೆಮ್ಮೆಯಲ್ಲಿ ಇಹಾ ಪೆಕೇನ್ಯಾ, ಇಹಾ ಪೆಕೇನ್ಯಾ ಎನ್ನುತ್ತಿದ್ದೆ. ಮಗಳು, ಆಮೇಲೆ ಚಿಕ್ಕ. ಹಾಗೆ ಹೇಳಿದರೆ ಇರುವವರಲ್ಲಿ ಚಿಕ್ಕವಳು ಎಂದು ಅವರಿಗೆ ಕೇಳಿಸುತ್ತದಂತೆ. ದೊಡ್ಡವಳು ಹೇಗಿದ್ದಾಳೆ ಎಂದು ಅವರು ಆಗಾಗ ಕೇಳಿದ್ದುಂಟು. ದೊಡ್ಡವಳಾಗುತ್ತಿದ್ದಾಳೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನು ಚೆನ್ನಾಗಿ ಆಗುತ್ತಿದ್ದಾಳೆ ಎಂದು ತಲೆಯಾಡಿಸಿದ್ದೆ.

ಇರುವುದು ಒಬ್ಬಳೇ ಎಂದೆ. ಪಾಕೊ ಹೊಟ್ಟೆ ಹಿಡಿದುಕೊಂಡು ನಕ್ಕರು. ಎನ್‌ಕಾರ್ನಾ ನಗಲಿಲ್ಲ. ದೊಡ್ಡ ಸ್ವೆಟರನ್ನೂ ಮಡಿಸಿ ನನ್ನ ಕೈಗಿಟ್ಟು, ಇದೂ ಅವಳಿಗೇ, ಮುಂದೆ ಬೆಳೆದು ಬರುತ್ತಾಳಲ್ಲ ಅಂದರು. ನಾನು ಬೇಡ ಎನ್ನಲು ಬಾಯಿ ತೆರೆದೆ. ದೋಸೆಯ ತುಂಡು ನೆನಪಾಗಿ ಬಾಯಿ ಮುಚ್ಚಿ ತೆಗೆದುಕೊಂಡೆ. ಆ ರಾತ್ರಿ ಚಿಕ್ಕ ಸ್ವೆಟರನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಅದರಲ್ಲಿ ಪುಟ್ಟಿಯ ವಾಸನೆ ಇರಲಿಲ್ಲ, ಉಲ್ಲನ್ನಿನದು ಮಾತ್ರ ಇತ್ತು.

ಕಬ್ಬಿನ ಗದ್ದೆ

ಕಟಾವಿಗೆ ಮುಂಚೆ ಅಲ್ಲಿ ಗದ್ದೆಗೆ ಬೆಂಕಿ ಇಟ್ಟು ಸೋಗೆ ಸುಡುತ್ತಾರೆ. ಊರ ಮೇಲೆಲ್ಲ ಕರೀ ಬೂದಿ ಉದುರುತ್ತದೆ. ಹೆಂಗಸರು ಒಗೆದು ಹರವಿದ ಬಟ್ಟೆ ಎಳೆದುಕೊಂಡು ಗಂಡಸರನ್ನು ಬೈಯುತ್ತ ಒಳಗೆ ಓಡುತ್ತಾರೆ. ಪಾಕೊ ನಮ್ಮ ತಂಡವನ್ನು ಕಟಾವು ನೋಡಲು ಕರೆದುಕೊಂಡು ಹೋದರು. ಸುಟ್ಟ ಸೋಗೆ, ಕಡಿದ ಕಬ್ಬಿನ ಸಿಹಿ, ಬೆವರು, ಎಲ್ಲ ಕಲಸಿ ಬಂದ ಆ ವಾಸನೆಗೆ ನಾನು ಬದುವಿನ ಮೇಲೆ ಹಾಗೇ ಕೂತುಬಿಟ್ಟೆ. ಕಣ್ಣು ಮುಚ್ಚಿದರೆ ಅಪ್ಪನ ಆಲೆಮನೆ, ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ಪಾಕ.

ಚಲುವೇಗೌಡರು ಒಂದು ಗಳ ಮುರಿದು, ಹಲ್ಲಿನಲ್ಲೇ ಸಿಗಿದು ಅಗಿಯುತ್ತ ಬಂದು ಪಕ್ಕದಲ್ಲಿ ಕೂತರು. ಕೂಲಿಯವರು ಕತ್ತಿ ನಿಲ್ಲಿಸಿ ಅವರ ಹಲ್ಲನ್ನೇ ನೋಡುತ್ತಿದ್ದರು.

"ನಮ್ ಕಡೆ ಕಬ್ಬಿನ್ ಮುಂದೆ ಇದೇನು ಬುಡಿ, ಜ್ವಾಳದ್ ದಂಟು," ಅಂದು ಉಗಿದರು. ಆಮೇಲೆ, ನಿನ್ನೆ ತಾವು ಊರಿಗೆ ಫೋನು ಮಾಡಿದ್ದಾಗಿ ಹೇಳಿದರು. ಅವರ ಮನೆಯವರ ತಂಗಿ ಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಇರುವವರು. ನನ್ನ ಮುಖ ಬಾಡಿದ್ದನ್ನು ನೋಡಿ ಸಂತೋಷದ ಸಮಾಚಾರ ಹೇಳುವ ಹುಮ್ಮಸ್ಸಿನಲ್ಲಿ ಅಂದರು.

"ನಿಮ್ ಮಗೀನ್ ಯೋಚ್ನೆ ಬುಟ್ಬುಡಿ ಮೇಡಮ್ಮೋರೆ. ಎಳ್ಳಷ್ಟೂ ಅಟ ಮಾಡ್ತಿಲ್ವಂತೆ. ಅಜ್ಜೀನೇ ಅಮ್ಮ ಅಂತ ಕೂಗ್ತದಂತೆ ಕೂಸು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಳ್ಳೇದಾಯ್ತು ಗೌಡ್ರೆ ಅಂದೆ. ಬೂದಿ ಕಣ್ಣಿಗೆ ಬಿತ್ತು ಎಂದು ಸೆರಗಿನಲ್ಲಿ ಒರೆಸಿಕೊಂಡೆ. ಹೊರಟಾಗಿನಿಂದ ನಾನು ಹೆದರಿಕೊಂಡಿದ್ದು ಮಗು ಅಳುತ್ತಿರಬಹುದು ಎಂದು. ಅಳುವುದನ್ನು ನಿಲ್ಲಿಸಿರಬಹುದು ಎಂದು ಹೊಳೆದೇ ಇರಲಿಲ್ಲ. ಅವಳಿಗೆ ನನ್ನ ದನಿ ಮರೆತುಹೋಗುವ ಮೊದಲು ಕೇಳಿಸಬೇಕು, ಅವಳ ಬಾಯಲ್ಲಿ ಅಮ್ಮ ಎನ್ನುವುದು ನನ್ನ ಹೆಸರಾಗಿ ಉಳಿಯಬೇಕು. ನನಗೆ ಬೇಕಾದದ್ದು ಇಷ್ಟೇ, ಇದಕ್ಕಿಂತ ಹೆಚ್ಚಿನದು ಆ ದೇಶದಲ್ಲಿ ಏನೂ ಇರಲಿಲ್ಲ.

ನಡುಮನೆ

ಮನೆಗೆ ಬರುವ ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಮಾತು ಜೋಡಿಸಿದೆ. ತಮಗೆ ತೊಂದರೆ ಇಲ್ಲದಿದ್ದರೆ, ಬಿಡುವಿದ್ದರೆ, ಒಂದೇ ಒಂದು ನಿಮಿಷ. ಎಲ್ಲವೂ ಮುಂದೆ ಬಂದು ಸಾಲಾಗಿ ನಿಂತವು, ಬೇಕಾದದ್ದು ಮಾತ್ರ ಬಾಯಿಗೆ ಬರಲೊಲ್ಲದು. ಬಾಗಿಲಲ್ಲಿ ಎನ್‌ಕಾರ್ನಾ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಾಗ, ಜೋಡಿಸಿದ್ದೆಲ್ಲ ಬಿದ್ದುಹೋಗಿ ಒಂದೇ ಮಾತು ಬಂತು.

"ತೆಲೆಫೊನೊ."

ಅವರು ಬೆರಗಾದರು. ಮೊದಲ ದಿನವೇ ಕೇಳಿದೆನಲ್ಲ, ನೀನೇ ಬೇಡ ಎಂದೆಯಲ್ಲ ಎಂದರು. ನಮ್ಮಲ್ಲಿ ಮೊದಲು ಬೇಡ ಎನ್ನಬೇಕು, ಇಲ್ಲದಿದ್ದರೆ ಮರ್ಯಾದೆ ಅಲ್ಲ ಎಂದು ಮುರುಕು ಮಾತಿನಲ್ಲಿ, ಕೈಸನ್ನೆಯಲ್ಲಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು ತೋರಿಸಿ ತಿಳಿಸಿದೆ. ಎಷ್ಟು ಸಲ ಕೇಳಬೇಕು ಎಂದರು. ಮೂರು ಬೆರಳು ತೋರಿಸಿದೆ. ಅವರು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಬೇಡ ಎಂದವರನ್ನು ಮತ್ತೆ ಕೇಳಿದರೆ ಅವರ ಮಾತಿಗೆ ಬೆಲೆ ಕೊಡದ ಹಾಗೆ, ಆದ್ದರಿಂದ ಸುಮ್ಮನಿದ್ದೆ, ನಿನಗೆ ಮನೆಯಲ್ಲಿ ಏನೋ ನೋವಿರಬೇಕು ಅಂದುಕೊಂಡೆ ಅಂದರು. ಅವರದೂ ಮರ್ಯಾದೆ, ನನ್ನದೂ ಮರ್ಯಾದೆ, ನಡುವೆ ಆ ಫೋನು ಕಸೂತಿ ಬಟ್ಟೆ ಹೊದ್ದು ಕೂತಿತ್ತು.

ಅವರೇ ನಂಬರು ತಿರುಗಿಸಿದರು. ನಮ್ಮೂರಲ್ಲಿ ಆಗ ದೀಪ ಹಚ್ಚುವ ಹೊತ್ತು. ಶಿವಣ್ಣ ಈ ಸಲ ನನ್ನ ದನಿ ಗುರುತು ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮಾಡಿ, ಕರೆಸಿರ್ತೀನಿ ಅಂದ. ಎರಡನೇ ಸಲ ಮಾಡಿದಾಗ ನಮ್ಮವರು ಎತ್ತಿದರು. ನಾನು ಆಡಿದ ಮಾತು ಅವರಿಗೆ ಮುಟ್ಟಿ, ಅವರ ಮಾತು ನನಗೆ ಬರಲು ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಎಲ್ಲರೂ ಸೌಖ್ಯ ಅಂದರು. ಪುಟ್ಟಿಗೆ ಕೊಡಿ ಅಂದೆ.

"ಬಾರವ್ವ, ಅಮ್ಮ ಫೋನಲ್ಲವ್ಳೆ, ಮಾತಾಡು," ಎಂದದ್ದು ಕೇಳಿಸಿತು. ಅದರ ಹಿಂದೆ, ದೂರದಿಂದ, ಅವಳ ದನಿ.

"ಬ್ಯಾಡ."

ಎಷ್ಟು ದಿನದಿಂದ ಕಾದ ದನಿ ಅದು. ಆಡಿದ್ದು ಆ ಒಂದೇ ಮಾತು. ನಮ್ಮವರು ಮತ್ತೆ ಲೈನಿಗೆ ಬಂದರು.

"ಬ್ಯಾಡ ಅಂತಾವ್ಳೆ ಕಣೆ. ಓಗ್ಲಿ ಬುಡು, ಇನ್ನೊಂದಿನ ಮಾಡು."

ಎನ್‌ಕಾರ್ನಾ ನನ್ನ ಪಕ್ಕದಲ್ಲೇ ನಿಂತಿದ್ದರು. ಭಾಷೆ ಬಾರದಿದ್ದರೂ ನನ್ನ ಮುಖದಲ್ಲೇ ಆ ಮಾತು ಅವರಿಗೆ ತಿಳಿದಿರಬೇಕು. ಮೂರು ಬೆರಳು ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

"ಬುಡಬ್ಯಾಡಿ," ಅಂದೆ ನಮ್ಮವರಿಗೆ. "ಇನ್ನೊಂದ್ಸಲ ಕೇಳಿ."

ಕೇಳಿದರು. ಬ್ಯಾಡ ಎಂದೇ ಬಂತು, ಆದರೆ ಮೊದಲಿಗಿಂತ ಹತ್ತಿರದಿಂದ. ಕೇಳುವುದೇನೂ ಬೇಡ, ಫೋನನ್ನು ಅವಳ ಕಿವಿಗೆ ಇಡಿ ಅಂದೆ. ಏನೋ ಉಜ್ಜಿದ ಸದ್ದು. ಆಮೇಲೆ ಬರೀ ಉಸಿರು. ಮೂಗು ಕಟ್ಟಿದಾಗ ಅವಳು ಬಾಯಲ್ಲಿ ಬಿಡುವ ಉಸಿರು, ಅದನ್ನು ನಾನು ಸಾವಿರ ಮಕ್ಕಳ ನಡುವೆಯೂ ಗುರುತು ಹಿಡಿಯಬಲ್ಲೆ.

"ಪುಟ್ಟಿ," ಅಂದೆ. ಉಸಿರು ನಿಂತಿತು. ನನ್ನ ಮಾತು ಅಷ್ಟು ದೂರ ಹೋಗಿ ಅವಳನ್ನು ಮುಟ್ಟಿ, ಅವಳದು ತಿರುಗಿ ಬರುವ ತನಕ ನಾನು ಕಾದೆ.

"ಅಮ್ಮ," ಅಂದಳು. ಅಜ್ಜಿಯನ್ನು ಕೂಗುವ ದನಿಯಲ್ಲ, ಜಗಳಕ್ಕೆ ನಿಂತ ದನಿ. "ಕಳ್ಳೇಕಾಯೆಲ್ಲ ಮುಗ್ದೋಯ್ತು."

ಎಂದು ಬರುತ್ತೇನೆ, ಏನು ತರುತ್ತೇನೆ, ಹಳದಿ ಸ್ವೆಟರು ಒಂದಲ್ಲ ಎರಡು ಎಂದು ಹೇಳಬೇಕೆಂದಿದ್ದೆ. ಬತ್ತಾ ಇವ್ನಿ ಅಂದೆ. ಅದರ ಹಿಂದೆ ಮುಂದೆ ಏನೂ ಸೇರಿಸಲಿಲ್ಲ.